ಜಪಾನಿನ ಹಳೆಯ ಕತ್ತಿಯಲ್ಲಿ ಸಂಗ್ರಾಹಕರು ನೋಡುವುದೇನು? ಮೊದಲನೆಯದನ್ನು ಆರಿಸುವುದು ಹೇಗೆ?

ಕೆಲಸದ ಮೇಲೆ ಟೋಕಿಯೊಗೆ ಬರುತ್ತಿದ್ದೇನೆ, ಹಳೆಯ ಕಟಾನ, ಅಂದರೆ ಉದ್ದ ಕತ್ತಿ, ಒಂದನ್ನು ಕೊಂಡು ಬೆಂಗಳೂರಿಗೆ ತರುವ ಆಸೆಯಿದೆ, ಲಕ್ಷಗಟ್ಟಲೆ ಕೊಡುವವರು ಅದರಲ್ಲಿ ಕಾಣುವುದಾದರೂ ಏನು ಎಂದು ಕೇಳಿದ್ದೀರಿ. ನಾನು ಇಲ್ಲೇ ನೆಲೆಸಿದವನು. ಈ ಕತ್ತಿಗಳ ಹಿಂದೆ ಬಿದ್ದು ಬಹಳ ವರ್ಷವಾಯಿತು. ನನ್ನ ಬಳಿ ಇರುವುದು ಒಂದೇ, ಎದೋ ಕಾಲದ (1603–1868) ಒಂದು ವಾಕಿಜಾಶಿ, ಅಂದರೆ ಗಿಡ್ಡ ಕತ್ತಿ. ನನ್ನ ಸಲಹೆ ಇಷ್ಟು: ಈ ಸಲ ಕೊಳ್ಳಬೇಡಿ, ನೋಡುವುದನ್ನು ಕಲಿತು ಹೋಗಿ.

ಹೊಸಬರ ಕಣ್ಣು ಮೊದಲು ಹೋಗುವುದು ರೇಷ್ಮೆ ಸುತ್ತಿದ ಹಿಡಿ, ಚಿತ್ತಾರದ ಲೋಹದ ತಡೆ, ಅರಗು ಬಳಿದ ಒರೆಯ ಕಡೆಗೆ. ಅವೆಲ್ಲ ಕಾಲಕಾಲಕ್ಕೆ ಬದಲಾದವು, ಬೇರೆ ಬೇರೆ ಕೈಗಳ ಕೆಲಸ. ಸಂಗ್ರಾಹಕರ ಹತ್ತಿರ ಕತ್ತಿ ಬಹುಪಾಲು ಬಣ್ಣವಿಲ್ಲದ ಬರೀ ಮರದ ಒರೆಯಲ್ಲಿ ಮಲಗಿರುತ್ತದೆ. ಅವರಿಗೆ ಬೇಕಾದದ್ದು ಅಲಗು, ಅದರಲ್ಲೂ ಅಲಗಿನ ಉಕ್ಕು.

ಆ ಉಕ್ಕು ಹುಟ್ಟುವುದು ತತಾರ ಎಂಬ ಮಣ್ಣಿನ ಕುಲುಮೆಯಲ್ಲಿ. ಶಿಮಾನೆ ಪ್ರಾಂತ್ಯದ ಒಕುಇಜುಮೊದಲ್ಲಿ ಇಂದಿಗೂ ಚಳಿಗಾಲದಲ್ಲಿ ಅದನ್ನು ಹೊತ್ತಿಸುತ್ತಾರೆ. ಮೂರು ಹಗಲು ಮೂರು ರಾತ್ರಿ ಕಬ್ಬಿಣದ ಮರಳನ್ನೂ ಇದ್ದಿಲನ್ನೂ ಪದರ ಪದರವಾಗಿ ಸುರಿಯುತ್ತ ಹೋಗಿ, ಕೊನೆಗೆ ಕುಲುಮೆಯ ಗೋಡೆಯನ್ನೇ ಒಡೆದು ಗಟ್ಟಿಯನ್ನು ಹೊರಗೆಳೆಯುತ್ತಾರೆ. ಆ ಗಟ್ಟಿಯಲ್ಲಿ ಕತ್ತಿಗೆ ಒದಗುವ ಒಳ್ಳೆಯ ಉಕ್ಕು ಸ್ವಲ್ಪ ಭಾಗ ಮಾತ್ರ. ಅದರ ಹೆಸರು ತಮಾಹಗಾನೆ. ಅದರಲ್ಲಿ ಇಂಗಾಲ ಒಂದೊಂದು ಕಡೆ ಒಂದೊಂದು ಪ್ರಮಾಣದಲ್ಲಿರುತ್ತದೆ, ಕಿಟ್ಟವೂ ಸೇರಿರುತ್ತದೆ. ಆದ್ದರಿಂದಲೇ ಕಮ್ಮಾರ ಅದನ್ನು ಕಾಯಿಸಿ, ಬಡಿದು, ಮಡಿಸಿ, ಮತ್ತೆ ಬೆಸೆಯುತ್ತಾನೆ. ಹತ್ತು ಸಲ ಮಡಿಸಿದರೆ ಪದರ ಸಾವಿರ ದಾಟುತ್ತದೆ. ಈ ಮಡಿಕೆಗಳು ಅಲಗಿನ ಮೈಮೇಲೆ ಮರದ ಹಲಗೆಯ ಗೆರೆಗಳಂತೆ ಕಾಣುತ್ತವೆ. ಈ ವಿನ್ಯಾಸಕ್ಕೆ ಹಾದ ಎನ್ನುತ್ತಾರೆ. ಯಾವ ಸೀಮೆಯ, ಯಾವ ಪರಂಪರೆಯ ಕೆಲಸ ಎಂಬುದಕ್ಕೆ ಅದೊಂದು ದೊಡ್ಡ ಸುಳಿವು.

ನಮ್ಮ ಕಡೆಯವರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಮೈಸೂರು ಸೀಮೆಯಲ್ಲೂ ಉತ್ತಮ ಉಕ್ಕು ತಯಾರಾಗುತ್ತಿತ್ತು. 1800ರಲ್ಲಿ ಹೊರಟು ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಆ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆದರೆ ದಾರಿ ಬೇರೆ. ನಮ್ಮವರು ಮುಚ್ಚಿದ ಮೂಸೆಯಲ್ಲಿಟ್ಟು ಕರಗಿಸುತ್ತಿದ್ದರು. ಅಂಥ ಉಕ್ಕಿನಿಂದ ಮಾಡಿದ ಕತ್ತಿಗಳ ಅಲೆಯಲೆಯ ವಿನ್ಯಾಸ ಉಕ್ಕು ತಣಿಯುವಾಗ ಮತ್ತು ಬಡಿಯುವಾಗ ಒಳಗಿನಿಂದಲೇ ಮೂಡುವಂಥದ್ದು, ಮಡಿಕೆಯಿಂದ ಬಂದದ್ದಲ್ಲ. ಎರಡನ್ನೂ ಒಂದೇ ಎಂದು ಬರೆಯುವವರನ್ನು ನಂಬಬೇಡಿ.

ಇನ್ನು ಹಮೋನ್. ಅಲಗಿನ ಬಾಯಿಯುದ್ದಕ್ಕೂ ಓಡುವ ಬಿಳಿ ಮಂಜಿನಂಥ ಅಂಚು ಅದು. ನೀರಿಗದ್ದುವ ಮೊದಲು ಕಮ್ಮಾರ ಅಲಗಿಗೆ ಜೇಡಿಮಣ್ಣಿನ ಲೇಪ ಕೊಡುತ್ತಾನೆ, ಬೆನ್ನಿನ ಕಡೆ ದಪ್ಪಗೆ, ಬಾಯಿಯ ಕಡೆ ತೆಳ್ಳಗೆ. ಕೆಂಪಗೆ ಕಾದ ಅಲಗನ್ನು ನೀರಿಗಿಳಿಸಿದಾಗ ಬಾಯಿ ಥಟ್ಟನೆ ತಣಿದು ಗಡುಸಾಗುತ್ತದೆ, ಬೆನ್ನು ನಿಧಾನವಾಗಿ ತಣಿದು ಮೆದುವಾಗಿ ಉಳಿಯುತ್ತದೆ. ಗಡುಸಾದ ಉಕ್ಕು ಹಿಗ್ಗುವುದರಿಂದ ಅಲಗು ಬೆನ್ನಿನತ್ತ ಬಾಗುತ್ತದೆ. ಆ ಚೆಲುವಾದ ಬಾಗಿನಲ್ಲಿ ಬಹುಪಾಲು ನೀರಿನ ಕೆಲಸವಿದೆ. ಕೆಲವು ಅಲಗುಗಳು ಆ ಕ್ಷಣದಲ್ಲೇ ಸೀಳುತ್ತವೆ, ಅಲ್ಲಿಯವರೆಗಿನ ದುಡಿಮೆಯೆಲ್ಲ ಹೋಯಿತು. ಇದನ್ನು ತಿಳಿದು ನೋಡಿದರೆ, ಎಂಟುನೂರು ವರ್ಷ ಹಳೆಯ ಕತ್ತಿಯ ಹಮೋನ್‌ನಲ್ಲಿ ಆ ಕಮ್ಮಾರ ಬೆಂಕಿಯ ಬಣ್ಣವನ್ನು ಎಷ್ಟು ಸರಿಯಾಗಿ ಓದಿದ್ದ ಎಂಬುದು ಕಾಣಿಸುತ್ತದೆ. ನನ್ನನ್ನು ಈ ಹವ್ಯಾಸದಲ್ಲಿ ಕಟ್ಟಿಹಾಕಿದ್ದೇ ಅದು.

ನೋಡುವ ಕ್ರಮವೂ ಇದೆ. ಉಯೆನೊದ ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೂ ರ್ಯೋಗೊಕುವಿನ ಕತ್ತಿಗಳ ವಸ್ತುಸಂಗ್ರಹಾಲಯಕ್ಕೂ ಹೋಗಿ. ಗಾಜಿನ ಮುಂದೆ ನೆಟ್ಟಗೆ ನಿಂತರೆ ಬೆಳ್ಳಿಯ ಪಟ್ಟಿಯೊಂದೇ ಕಾಣುವುದು. ಮಂಡಿ ಬಗ್ಗಿಸಿ, ದೀಪದ ಪ್ರತಿಬಿಂಬ ಅಲಗಿನ ಮೇಲೆ ಬೀಳುವ ಹಾಗೆ ತಲೆಯನ್ನು ಮೆಲ್ಲಗೆ ಸರಿಸಿ. ಆಗ ಹಮೋನ್ ಒಳಗಿನ ಕಣಗಳು ಮಿನುಗುತ್ತವೆ. ಕಣ್ಣಿಗೆ ಬಿಡಿಬಿಡಿಯಾಗಿ ಕಾಣುವ ಕಣ ನಿಯೆ, ಮಬ್ಬಾಗಿ ಬೆರೆತಿರುವುದು ನಿಯೋಯಿ. ಕಮ್ಮಾರರ ಹಳೆಯ ಪರಂಪರೆಗಳ ಪೈಕಿ ಸೋಶುವಿನಲ್ಲಿ ಮೊದಲನೆಯದು ಹೆಚ್ಚು, ಬಿಜೆನ್‌ನಲ್ಲಿ ಸಾಮಾನ್ಯವಾಗಿ ಎರಡನೆಯದು.

ಇಷ್ಟೆಲ್ಲ ಕಾಣುವುದು ಸಾಣೆಯವರ ಕೃಪೆಯಿಂದ. ಒರಟಿನಿಂದ ನಯದವರೆಗೆ ಒಂದಾದ ಮೇಲೊಂದು ಕಲ್ಲು, ಕೊನೆಗೆ ಬೆರಳ ತುದಿಯಲ್ಲಿ ಹಿಡಿದು ತಿಕ್ಕುವ ಕಲ್ಲಿನ ತೆಳು ಚೂರುಗಳು. ಆದರೆ ಪ್ರತಿ ಸಾಣೆಯೂ ಒಂದಿಷ್ಟು ಉಕ್ಕನ್ನು ತಿನ್ನುತ್ತದೆ. ಹೆಚ್ಚು ಸಲ ಸಾಣೆ ಕಂಡ ಕತ್ತಿಯಲ್ಲಿ ಹೊರಗಿನ ಉಕ್ಕು ಸವೆದು ಒಳಗಿನ ಮೆದು ಕಬ್ಬಿಣ ತೇಪೆ ತೇಪೆಯಾಗಿ ಹೊರಬರುತ್ತದೆ. ಹೀಗಾಗಿ ಅಲಗನ್ನು ಬೆರಳಿನಿಂದ ಮುಟ್ಟುವಂತಿಲ್ಲ, ಅದರ ಮೇಲೆ ಉಸಿರು ಬೀಳುವಂತೆ ಮಾತಾಡುವಂತಿಲ್ಲ. ಒಂದು ಬೆವರಿನ ಗುರುತು ತುಕ್ಕಾದರೂ ಅದನ್ನು ತೆಗೆಯಲು ಕತ್ತಿಯ ಆಯುಷ್ಯದ ಒಂದು ಪಾಲನ್ನು ಕೊಡಬೇಕಾಗುತ್ತದೆ.

ಆದರೆ ಒಂದು ಜಾಗದ ತುಕ್ಕು ಪವಿತ್ರ. ಹಿಡಿಯನ್ನು ಅಲಗಿಗೆ ಬಿಗಿಯುವುದು ಒಂದು ಸಣ್ಣ ಬಿದಿರಿನ ಕೀಲು. ಅದನ್ನು ತಳ್ಳಿ ಹಿಡಿ ಕಳಚಿದರೆ ಒಳಗಿರುವುದು ನಾಕಾಗೊ, ಸಾಣೆ ಹಿಡಿಯದೆ ಬಿಟ್ಟ ಭಾಗ. ಕಮ್ಮಾರನ ಅರದ ಗೆರೆಗಳು, ಉಳಿಯಿಂದ ಕೊರೆದ ಹೆಸರು, ಶತಮಾನಗಳ ಕಂದುಗಪ್ಪು ತುಕ್ಕು ಎಲ್ಲ ಅಲ್ಲಿವೆ. ಕತ್ತಿಯ ವಯಸ್ಸನ್ನು ಅಂದಾಜಿಸಲು ಪರಿಣತರು ಆ ತುಕ್ಕನ್ನೂ ಓದುತ್ತಾರೆ. ಅಕ್ಷರಗಳ ಒಳಗಿನ ತುಕ್ಕು ಸುತ್ತಲಿನದಕ್ಕೆ ಹೊಂದದಿದ್ದರೆ ಹೆಸರು ಆಮೇಲೆ ಕೊರೆದದ್ದು ಎಂಬ ಅನುಮಾನ ಏಳುತ್ತದೆ. ಕೊತೆತ್ಸುವಿನಂಥ ಪ್ರಸಿದ್ಧ ಕಮ್ಮಾರರ ಹೆಸರಿನಲ್ಲಿ ನಕಲಿಗಳು ಬಹಳ. ಅಜ್ಜನ ಕತ್ತಿ ಹೊಳೆಯಲಿ ಎಂದು ಮರಳು ಕಾಗದ ಹಿಡಿದು ಈ ಭಾಗವನ್ನು ಉಜ್ಜುವವರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಅಳಿಸಿಹೋದ ಆ ಸಾಕ್ಷಿ ಮತ್ತೆ ಬರುವುದಿಲ್ಲ.

ಹೆಸರಿಲ್ಲದ ಕತ್ತಿ ಕೀಳು ಎಂದುಕೊಳ್ಳಬೇಡಿ. ತಾಚಿ ಎಂಬ ಹಳೆಯ ಕಾಲದ ಉದ್ದ ಕತ್ತಿಗಳನ್ನು ಮುಂದಿನ ಕಾಲದವರು ಹಿಡಿಯ ಕಡೆಯಿಂದ ಕತ್ತರಿಸಿ ಗಿಡ್ಡ ಮಾಡಿಕೊಂಡಾಗ ಎಷ್ಟೋ ಹೆಸರುಗಳು ಹಾಗೆಯೇ ಹೋದವು. 2020ರಲ್ಲಿ ಒಕಾಯಾಮದ ಸೆತೊಉಚಿ ಎಂಬ ಸಣ್ಣ ನಗರ ಜನರಿಂದ ದೇಣಿಗೆ ಎತ್ತಿ ಸುಮಾರು 50 ಕೋಟಿ ಯೆನ್‌ಗೆ ಕೊಂಡ ಸಾಂಚೊಮೊ, ರಾಷ್ಟ್ರೀಯ ನಿಧಿಯಾದ ಕಾಮಾಕುರ ಕಾಲದ (1185–1333) ಕತ್ತಿ, ಅದರ ಮೇಲೂ ಕಮ್ಮಾರನ ಹೆಸರಿಲ್ಲ. ಆ ಹಮೋನ್ ನೋಡಿದವರಿಗೆ ಹೆಸರು ಬೇಕಾಗಿಯೂ ಇಲ್ಲ.

ಕಾಗದಪತ್ರ: ಜಪಾನಿನಲ್ಲಿ ಪ್ರತಿ ಕತ್ತಿಗೂ ನೋಂದಣಿ ಪತ್ರ ಇರಲೇಬೇಕು, ಅದಿಲ್ಲದ್ದನ್ನು ಮುಟ್ಟಬೇಡಿ. ಕತ್ತಿ ಸಂರಕ್ಷಣಾ ಸಂಸ್ಥೆಯಾದ ಎನ್‌ಬಿಟಿಎಚ್‌ಕೆಯ ಪರಿಶೀಲನಾ ಪತ್ರವಿದ್ದರೆ ಹೊಸಬರಿಗೆ ಧೈರ್ಯ. ದೇಶದಿಂದ ಹೊರಗೆ ಒಯ್ಯಲು ಇಲ್ಲಿನ ಸಂಸ್ಕೃತಿ ಇಲಾಖೆಯ ಪ್ರಮಾಣಪತ್ರ ಬೇಕು. ಅಂಗಡಿಯವರೇ ಮಾಡಿಸಿಕೊಡುತ್ತಾರೆ, ಸಮಯ ಹಿಡಿಯುತ್ತದೆ. ಭಾರತದ ಕಡೆ 1959ರ ಆಯುಧ ಕಾಯ್ದೆ ಮತ್ತು ಕಸ್ಟಮ್ಸ್ ಎರಡರ ಬಗ್ಗೆಯೂ ಬಲ್ಲ ವಕೀಲರನ್ನು ಕೇಳಿ, ಆಮೇಲೆ ಹಣ ಕೊಡಿ.

ಮುಂದಿನ ಸಲ ಕೊಳ್ಳಲೆಂದೇ ಬಂದರೆ, ದೊಡ್ಡ ಹೆಸರಿನ ಸವೆದ ಕಟಾನಕ್ಕಿಂತ ಪತ್ರವಿರುವ, ಸಾಣೆ ಚೆನ್ನಾಗಿರುವ, ತುಂಬು ಮೈಯ ವಾಕಿಜಾಶಿಯನ್ನು ಆರಿಸಿ. ಅದೇ ಕಮ್ಮಾರನ ಕೆಲಸ ಸಾಮಾನ್ಯವಾಗಿ ಕಟಾನಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಬಾಯಿಗೆ ಅಡ್ಡಲಾಗಿ ಕೂದಲೆಳೆಯಷ್ಟು ಬಿರುಕಿದ್ದರೂ ಬೇಡ. ಹಮೋನ್ ತುದಿಯವರೆಗೂ ಮುರಿಯದೆ ಹೋಗಿದೆಯೇ ಎಂದು ದೀಪಕ್ಕೆ ಹಿಡಿದು ತೋರಿಸಲು ಅಂಗಡಿಯವರನ್ನು ಕೇಳಿ. ಒಳ್ಳೆಯ ಅಂಗಡಿಯವರು ಹಿಡಿ ಕಳಚಿ ನಾಕಾಗೊವನ್ನೂ ತೋರಿಸುತ್ತಾರೆ.