ಊರಿಂದ ಬಂದ ಮೇಲೆ ಪ್ರಿಂಟರ್‌ನಲ್ಲಿ ಕಪ್ಪು ಬರುತ್ತಿಲ್ಲ, ಕಾರ್ಟ್ರಿಜ್ ಎಸೆಯಬೇಕೆ?

ಮುಂಬೈಯ ಮುಲುಂಡ್‌ನ ಮನೆಗೆ ಬೀಗ ಹಾಕಿ ಮೇ ತಿಂಗಳಿಡೀ ಉಡುಪಿಯಲ್ಲಿದ್ದಿರಿ. ವಾಪಸು ಬಂದು ನೋಡಿದರೆ ಎಚ್‌ಪಿ ಡೆಸ್ಕ್‌ಜೆಟ್ 2131ರಲ್ಲಿ ಬಣ್ಣ ಬರುತ್ತದೆ, ಕಪ್ಪು ಇಲ್ಲ, ನಾಲ್ಕು ಸಲ ಕ್ಲೀನಿಂಗ್ ಕೊಟ್ಟರೂ ಹಾಗೇ ಇದೆ ಎಂದಿದ್ದೀರಿ. ಕಾರ್ಟ್ರಿಜ್ ಎಸೆಯಬೇಡಿ. ಐದನೇ ಸಲ ಕ್ಲೀನಿಂಗ್ ಕೂಡ ಬೇಡ.

ನಿಮ್ಮ 803 ಕಾರ್ಟ್ರಿಜ್‌ನಲ್ಲಿ ಇಂಕ್ ಚಿಮ್ಮಿಸುವ ಹೆಡ್ ಅದರ ತಳದಲ್ಲೇ ಇದೆ. ಇಂಕ್ ಹೊರಬರುವ ಪ್ರತಿ ಸೂಕ್ಷ್ಮ ರಂಧ್ರಕ್ಕೂ, ಅಂದರೆ ನಾಝಲ್‌ಗೂ, ಒಂದು ಪುಟ್ಟ ಹೀಟರ್. ಅದು ಇಂಕನ್ನು ಕುದಿಸಿ ಗುಳ್ಳೆ ಎಬ್ಬಿಸುತ್ತದೆ, ಗುಳ್ಳೆ ಹನಿಯನ್ನು ಹೊರಗೆ ದಬ್ಬುತ್ತದೆ. ಹೀಟರ್ ಮಿತಿಮೀರಿ ಕಾಯದಂತೆ ತಡೆಯುವುದೂ ಅದೇ ಇಂಕ್. ನಾಝಲ್ ಒಣಗಿದ್ದಾಗ ಮತ್ತೆ ಮತ್ತೆ ಓಡಿಸಿದರೆ ಹೀಟರ್ ಸುಟ್ಟುಹೋಗುತ್ತದೆ, ಆಮೇಲೆ ಯಾವ ಉಪಾಯವೂ ನಡೆಯದು. ಇನ್ನು ಕಪ್ಪೇ ಮೊದಲು ಕಟ್ಟಿಕೊಳ್ಳಲು ಕಾರಣ, 803ರ ಕಪ್ಪು ಪಿಗ್ಮೆಂಟ್ ಇಂಕ್. ಅದರಲ್ಲಿ ಬಣ್ಣದ ನುಣ್ಣನೆಯ ಕಣಗಳು ತೇಲುತ್ತಿರುತ್ತವೆ, ನೀರು ಆರಿದರೆ ಅವು ಗಟ್ಟಿ ಪದರವಾಗುತ್ತವೆ. ಉಳಿದ ಮೂರು ಬಣ್ಣಗಳು ನೀರಿನಲ್ಲಿ ಕರಗಿರುವ ಡೈ, ಅಷ್ಟು ಬೇಗ ಹಠ ಹಿಡಿಯುವುದಿಲ್ಲ.

ಬೇಕಾಗುವುದು ಡಿಸ್ಟಿಲ್ಡ್ ವಾಟರ್, ಅಂದರೆ ಬ್ಯಾಟರಿಗೆ ಹಾಕುವ ನೀರು. ನಲ್ಲಿಯದು ಬೇಡ, ಅದರಲ್ಲಿರುವ ಲವಣ ಆರಿದ ಮೇಲೆ ನಾಝಲ್‌ನಲ್ಲೇ ಉಳಿಯುತ್ತದೆ. ನೀರನ್ನು ಕೈಗೆ ಬಿಸಿ ತಾಗುವಷ್ಟು ಕಾಯಿಸಿ, ಕುದಿಸಬೇಡಿ. ಟಿಶ್ಯೂವನ್ನು ನಾಲ್ಕು ಮಡಿಕೆ ಮಾಡಿ ತಟ್ಟೆಯಲ್ಲಿಟ್ಟು ಒದ್ದೆ ಮಾಡಿ. ಬಲಬದಿಯ ಕಪ್ಪು ಕಾರ್ಟ್ರಿಜನ್ನು ತೆಗೆದು ನಾಝಲ್ ಕೆಳಗೆ ಬರುವಂತೆ ಅದರ ಮೇಲೆ ಎರಡು ಮೂರು ನಿಮಿಷ ಕೂರಿಸಿ. ಪ್ರಿಂಟರಿನಿಂದ ವಿದ್ಯುತ್ ಪಡೆಯುವ ತಾಮ್ರಬಣ್ಣದ ಕಾಂಟ್ಯಾಕ್ಟ್‌ಗೆ ನೀರು ತಾಗದಿರಲಿ. ಆಮೇಲೆ ಒಣ ಟಿಶ್ಯೂವಿನ ಮೇಲೆ ಒತ್ತಿ ಎತ್ತಿ. ಉಜ್ಜಬೇಡಿ, ನಾಝಲ್ ತಟ್ಟೆಗೆ ಗೀರು ಬೀಳುತ್ತದೆ.

ಈಗ ಟಿಶ್ಯೂ ನೋಡಿ. ದಟ್ಟವಾದ ಕಪ್ಪು ಪಟ್ಟಿ ಅಂಚಿನಿಂದ ಅಂಚಿಗೆ ತುಂಡಾಗದೆ ಮೂಡಿದರೆ ದಾರಿ ಬಿಟ್ಟಿದೆ. ನಡುವೆ ಬಿಳಿ ಬಿಟ್ಟಿದ್ದರೆ ಅಥವಾ ಬರೀ ಬೂದು ನೀರಷ್ಟೇ ಇಳಿದರೆ ಇನ್ನೊಮ್ಮೆ ನೆನೆಸಿ. ಮೂರ್ನಾಲ್ಕು ಸಲ ಮಾಡಿದರೂ ಏನೂ ಮೂಡದಿದ್ದರೆ ಒಳಗೆ ಇಂಕೇ ಇಲ್ಲದಿರಬಹುದು. ಪಟ್ಟಿ ಚೆನ್ನಾಗಿ ಮೂಡಿಯೂ ಕಾಗದದ ಮೇಲೆ ಬಾರದಿದ್ದರೆ ಕಾಂಟ್ಯಾಕ್ಟ್ ಕೊಳೆಯಾಗಿರಬೇಕು, ಇಲ್ಲವೇ ಹೀಟರ್ ಹೋಗಿರಬೇಕು. ಕಾಂಟ್ಯಾಕ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಇಯರ್‌ಬಡ್‌ನಿಂದ ಒರೆಸಿ, ಹತ್ತು ನಿಮಿಷ ಆರಲು ಬಿಡಿ. ಕಾರ್ಟ್ರಿಜ್ ಕೂರುವ ಜಾಗದ ಪಿನ್‌ಗಳನ್ನೂ ಒರೆಸಿ. ಆಲ್ಕೊಹಾಲ್ ಲ್ಯಾಮಿಂಗ್ಟನ್ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ನಾಳೆಯೇ ಅಡ್ಮಿಷನ್ ಫಾರ್ಮ್ ಬೇಕಿದ್ದರೆ ಕಪ್ಪನ್ನು ತೆಗೆದಿಟ್ಟು ಬಣ್ಣದ್ದೊಂದರಿಂದಲೇ ಪ್ರಿಂಟ್ ಕೊಡಿ, ಮೂರೂ ಬಣ್ಣ ಬೆರೆಸಿ ಅಕ್ಷರ ಮೂಡಿಸುತ್ತದೆ.

ರೀಫಿಲ್ ಮಾಡುವುದಾದರೆ ಕಪ್ಪಿಗೆ ಪಿಗ್ಮೆಂಟ್ ಇಂಕನ್ನೇ ಕೇಳಿ ತನ್ನಿ. ಸಿರಿಂಜ್‌ನಿಂದ ಸ್ಪಂಜಿನೊಳಗೆ 2ರಿಂದ 3 ಮಿ.ಲೀ. ಸಾಕು, ನಿಧಾನವಾಗಿ ಬಿಡಿ. ಅವಸರಪಟ್ಟರೆ ಗಾಳಿ ಸಿಕ್ಕಿಕೊಂಡು ಮತ್ತೆ ಬಿಳಿ ಗೆರೆಗಳು. ಮೇಲಿನ ಗಾಳಿರಂಧ್ರವನ್ನು ಟೇಪಿನಿಂದ ಮುಚ್ಚಬೇಡಿ, ಇಂಕ್ ಇಳಿಯುವುದೇ ನಿಲ್ಲುತ್ತದೆ. ಕಂಪ್ಯೂಟರ್ ಪರದೆಯಲ್ಲಿ ಇಂಕ್ ಖಾಲಿ ಎಂದೇ ತೋರಿಸುತ್ತಿರುತ್ತದೆ, ಓಕೆ ಒತ್ತಿ ಮುಂದುವರಿಸಿ.

ಈ ನೆನೆಸುವ ಕ್ರಮ ಎಪ್ಸನ್ ಎಲ್3250ರಂಥ ಇಂಕ್‌ಟ್ಯಾಂಕ್‌ಗೆ ಅಲ್ಲ. ಅದರ ಹೆಡ್ ಪ್ರಿಂಟರಿನೊಳಗೇ ಇರುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ಸಾಲು: ಹೊರಡುವಾಗ ಗೋಡೆಯ ಸ್ವಿಚ್ ಆರಿಸಿ ಹೋಗಿದ್ದಿರಿ. ಪ್ರಿಂಟರಿನದೇ ಪವರ್ ಬಟನ್ ಒತ್ತಿದರೆ ಕಾರ್ಟ್ರಿಜ್‌ಗಳು ಬಲತುದಿಗೆ ಸರಿದು ರಬ್ಬರ್ ಮುಚ್ಚಳದ ಮೇಲೆ ಕೂರುತ್ತವೆ. ಕೆಲಸದ ನಡುವೆ ಗೋಡೆಯಲ್ಲಿ ಆರಿಸಿದರೆ ನಾಝಲ್ ಇದ್ದಲ್ಲೇ ಬಾಯಿ ತೆರೆದು ನಿಲ್ಲುತ್ತದೆ. ಮುಂದಿನ ಸಲ ಹೊರಡುವ ಹಿಂದಿನ ಸಂಜೆ ನಾಲ್ಕೂ ಬಣ್ಣ ಬರುವ ಒಂದು ಪುಟ ತೆಗೆದು, ಬಟನ್ ಒತ್ತಿ, ಒಳಗಿನ ಸದ್ದು ಪೂರ್ತಿ ನಿಂತ ಮೇಲಷ್ಟೇ ಗೋಡೆಯ ಸ್ವಿಚ್ಚಿಗೆ ಕೈ ಹಾಕಿ.