ಕರೆಂಟು ಜಾಸ್ತಿ ಕೊಟ್ಟರೆ ನೀರು ಜಾಸ್ತಿ ಬರುವುದಿಲ್ಲ

ಹಿರಿಯೂರು ತಾಲ್ಲೂಕಿನ ಯುವ ರೈತರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರ ಇಷ್ಟು: "ನೀವು ಸುಮ್ನೆ ಪ್ರತಿ ಸಂಚಿಕೆಯಲ್ಲೂ ಕೆರೆ, ರಾಗಿ ಅಂತೀರಿ. ರಾಗಿ ಬೆಳೆದು ಉದ್ಧಾರವಾದವರನ್ನು ನಾನು ಕಂಡಿಲ್ಲ. ನಮಗೆ ಬೇಕಿರುವುದು ಹಗಲು ಹೊತ್ತು ತ್ರೀ ಫೇಸ್ ಕರೆಂಟು ಮತ್ತು ಭದ್ರಾ ನೀರು. ಇಸ್ರೇಲಿನವರು ಮರುಭೂಮಿಯಲ್ಲಿ ತೋಟ ಮಾಡಿಲ್ವಾ? ಈ ವರ್ಷ ಎರಡು ಎಕರೆ ಅಡಿಕೆ ಇಡಬೇಕು ಅಂತಿದ್ದೇನೆ. ಏನಂತೀರಿ?"

ಗೆಳೆಯರೇ, ನಿಮ್ಮ ಪತ್ರ ನನಗೆ ಇಷ್ಟವಾಯಿತು. ಸಿಟ್ಟಿದ್ದರೂ ನೇರವಾಗಿ ಕೇಳಿದ್ದೀರಿ. ಹಗಲು ಕರೆಂಟಿನ ಮಾತು ಸರಿ. ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು, ಹಾವು ಚೇಳುಗಳ ನಡುವೆ ಮೋಟಾರು ಹಾಕಲು ಹೋಗುವ ಪಾಡು ಯಾವ ರೈತನಿಗೂ ಬೇಡ. ಅದನ್ನು ಒಪ್ಪಿದೆ. ಇನ್ನು ಅಡಿಕೆಗೆ ಬರೋಣ.

ಎಕರೆಗೆ ಸುಮಾರು 540 ಗಿಡ ಕೂರುತ್ತವೆ. ಡ್ರಿಪ್ ಹಾಕಿದರೂ ಬೇಸಿಗೆಯಲ್ಲಿ ಗಿಡಕ್ಕೆ ದಿನಕ್ಕೆ 18 ಲೀಟರ್ ಬೇಕು. ಅಂದರೆ ಎಕರೆಗೆ ದಿನಕ್ಕೆ ಹತ್ತಿರ ಹತ್ತಿರ 10,000 ಲೀಟರ್. ಸಾವಿರ ಅಡಿ ಆಳದಿಂದ 1,000 ಲೀಟರ್ ಎತ್ತಲು ಸಾಧಾರಣ ಪಂಪಿಗೆ ಸುಮಾರು 2 ಯೂನಿಟ್ ಕರೆಂಟು ಹಿಡಿಯುತ್ತದೆ. ನಿಮ್ಮ ಒಂದು ಎಕರೆಗೆ ದಿನಕ್ಕೆ 20 ಯೂನಿಟ್ ಆಯಿತು. ಗೃಹಜ್ಯೋತಿಯಲ್ಲಿ ಒಂದು ಮನೆಗೆ ತಿಂಗಳಿಗೆ ಸಿಗುವ ಗರಿಷ್ಠ ಉಚಿತ ಕರೆಂಟು 200 ಯೂನಿಟ್. ಅಷ್ಟನ್ನು ನಿಮ್ಮ ಒಂದು ಎಕರೆ ಹತ್ತೇ ದಿನದಲ್ಲಿ ಮುಗಿಸುತ್ತದೆ.

2008ರಿಂದ ನಮ್ಮಲ್ಲಿ 10 ಎಚ್‌ಪಿ ವರೆಗಿನ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ. ಬಿಲ್ಲು ಕಾಣದ ಕಡೆ ನೀರಿನ ಬೆಲೆಯೂ ಕಾಣುವುದಿಲ್ಲ. ನೀರು 300 ಅಡಿಯಲ್ಲಿದ್ದಾಗಲೂ, ಸಾವಿರ ಅಡಿಗೆ ಇಳಿದಾಗಲೂ ರೈತನ ಕೈಯಿಂದ ಕರೆಂಟಿಗೆ ಹೋಗುವುದು ಸೊನ್ನೆಯೇ. ಹಾಗಾಗಿ ಎಲ್ಲರೂ ಇನ್ನೂ ಆಳಕ್ಕೆ ಹೋಗುತ್ತಾರೆ. ನಮ್ಮ ನೆಂಟರೊಬ್ಬರ ಊರಲ್ಲಿ ಒಂದೇ ಬೇಸಿಗೆಯಲ್ಲಿ ರಿಗ್ ಗಾಡಿ ಬೀದಿ ಬೀದಿಯಲ್ಲಿ ನಿಂತಿತ್ತು. ಅಕ್ಕಪಕ್ಕದ ಅಣ್ಣ ತಮ್ಮಂದಿರು ಪೈಪೋಟಿಗೆ ಬಿದ್ದು ಕೊರೆಸಿದರು. ಒಬ್ಬನ ಬೋರಲ್ಲಿ ನೀರು ಬಂದ ದಿನವೇ ಇನ್ನೊಬ್ಬನ ಬೋರು ಗಾಳಿ ಉಗುಳತೊಡಗಿತು. ನೀವು ಕೇಳುವ ಹೆಚ್ಚಿನ ಕರೆಂಟು ಇಂಥ ಊರಿಗೆ ಏನು ಮಾಡುತ್ತದೆ, ನೀವೇ ಹೇಳಿ.

ಇಸ್ರೇಲಿನ ಮಾತು ತೆಗೆದದ್ದು ಒಳ್ಳೆಯದಾಯಿತು. ಅಲ್ಲಿಂದ ನಾವು ಡ್ರಿಪ್ ಪೈಪು ಮಾತ್ರ ತಂದೆವು. 1955ರಲ್ಲೇ ಅಲ್ಲಿ ನೀರನ್ನು ಮೀಟರಿನಲ್ಲಿ ಅಳೆಯಬೇಕೆಂದು ಕಾನೂನು ಬಂತು. 1959ರಲ್ಲಿ ನೀರೆಲ್ಲ ಸಾರ್ವಜನಿಕ ಸ್ವತ್ತು ಎಂದಾಯಿತು. ನಿಮ್ಮ ಜಮೀನಿನ ಕೆಳಗಿದ್ದರೂ ಅದು ನಿಮ್ಮದಲ್ಲ. ಜೊತೆಗೆ ಅವರು ತಿನ್ನುವ ಗೋಧಿಯಲ್ಲಿ ಬಹುಪಾಲು ಹೊರದೇಶದ್ದು. ಒಣ ನಾಡಿನವರು ತಮ್ಮಲ್ಲಿರುವ ನೀರಿಗೆ ತಕ್ಕ ಬೆಳೆ ಆರಿಸಿಕೊಂಡಿದ್ದಾರೆ. ಈ ಭಾಗವನ್ನು ನಮ್ಮ ಅಧ್ಯಯನ ಪ್ರವಾಸದ ತಂಡಗಳು ಬಂದು ಹೇಳುವುದೇ ಇಲ್ಲ.

ಈಗ ಭದ್ರಾ ನೀರು. ವಾಣಿವಿಲಾಸ ಸಾಗರ ನಿಮ್ಮ ತಾಲ್ಲೂಕಿನದೇ. ಕಟ್ಟಿದ್ದು 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬೀಳಲು 2022 ಬರಬೇಕಾಯಿತು. ಆ ದಿನ ನಿಮ್ಮ ಕಡೆಯ ಜನರ ಮುಖ ಹೇಗಿತ್ತೆಂದು ಚೆನ್ನಾಗಿ ಗೊತ್ತು, ಆ ಸಂತೋಷ ನನ್ನದೂ ಹೌದು. ಆದರೆ ಭದ್ರಾ ಮೇಲ್ದಂಡೆ ಯೋಜನೆಯ ಲೆಕ್ಕ ನೋಡಿ. ಒಟ್ಟು 29.9 ಟಿಎಂಸಿ ನೀರು, ಡ್ರಿಪ್ ಮೂಲಕ ಸುಮಾರು 2.25 ಲಕ್ಷ ಹೆಕ್ಟೇರಿಗೆ. ಕೆರೆ ತುಂಬಿಸುವ ಪಾಲು ಕಳೆಯದೆ, ದಾರಿಯಲ್ಲಿ ಹನಿಯೂ ಸೋರದೆ ಹೊಲಕ್ಕೆ ಬಂದರೂ ಇಡೀ ವರ್ಷಕ್ಕೆ ಹೊಲದ ಮೇಲೆ ಒಂದೂಕಾಲು ಅಡಿ ನಿಲ್ಲುವಷ್ಟು ನೀರಷ್ಟೇ. ಅದರಲ್ಲಿ ರಾಗಿ, ಶೇಂಗಾ, ತೊಗರಿ, ಜೋಳ ನಿಶ್ಚಿಂತೆಯಿಂದ ಆಗುತ್ತವೆ. ಕಾಲುವೆಯ ಮೊದಲ ಹಳ್ಳಿಯವರು ಅಡಿಕೆ ಇಟ್ಟರೆ ಕೊನೆಯ ಹಳ್ಳಿಗೆ ಪೈಪು ಮಾತ್ರ ಮುಟ್ಟುತ್ತದೆ. ನೀವು ಕಾಲುವೆಯ ಯಾವ ತುದಿಯಲ್ಲಿದ್ದೀರಿ?

ನಿಮ್ಮ ಚಿತ್ರದುರ್ಗದ ಕೋಟೆ ಹತ್ತಿದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ. ಬಂಡೆಯ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡ. ಒಂದು ಯೂನಿಟ್ ಕರೆಂಟಿಲ್ಲ. ನಮ್ಮ ಕೆರೆಗಳ ಸರಪಳಿಯೂ ಹೀಗೇ ಇತ್ತು. ರಾಜ್ಯದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ. ತೂಬು ಎತ್ತಲು ನೀರುಗಂಟಿ ಇರುತ್ತಿದ್ದ. ಈ ವರ್ಷ ಕೆರೆಯಲ್ಲಿ ಅರ್ಧವೇ ನೀರು ಎಂದಾದರೆ ಭತ್ತ ಬೇಡ, ರಾಗಿ ಹಾಕಿ ಎಂದು ಊರೇ ಕೂತು ತೀರ್ಮಾನಿಸುತ್ತಿತ್ತು. ಆ ಏರ್ಪಾಟಿನಲ್ಲಿ ಜಾತಿಯ ಅನ್ಯಾಯವೂ ಇತ್ತು, ಅದು ಹೋಗಬೇಕಿತ್ತು. ಕೂತು ತೀರ್ಮಾನಿಸುವ ಅಭ್ಯಾಸವೂ ಜೊತೆಗೇ ಹೋಯಿತು ಎಂಬುದೇ ನನ್ನ ಸಂಕಟ.

ರಾಗಿ ಬೆಳೆದು ಉದ್ಧಾರವಾದವರಿಲ್ಲ ಅಂದಿರಲ್ಲ, ಅಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಅದು ಗುರಿ ತಪ್ಪಿದೆ. ಸೋತದ್ದು ರಾಗಿಯಲ್ಲ, ನಮ್ಮ ಖರೀದಿ. ಮಂಡ್ಯದ ಹೊಲದಲ್ಲಿ ಕೂತು ತಳಿ ವಿಜ್ಞಾನಿ 'ರಾಗಿ ಲಕ್ಷ್ಮಣಯ್ಯ' ನಮ್ಮ ರಾಗಿಗೆ ಆಫ್ರಿಕಾದ ರಾಗಿ ಬೆರೆಸಿ ಇಂಡಾಫ್ ತಳಿಗಳನ್ನು ತೆಗೆದು ಇಳುವರಿ ಏರಿಸಿದರು. ರಾಗಿಯ ನಡುನಡುವೆ ಬಿಡುವ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕಿದರೆ ಮಳೆ ಕೈಕೊಟ್ಟ ವರ್ಷವೂ ಮನೆಗೆ ಏನಾದರೂ ಬರುತ್ತದೆ. 2024-25ಕ್ಕೆ ಬೆಂಬಲ ಬೆಲೆ ರಾಗಿಗೆ ಕ್ವಿಂಟಾಲಿಗೆ 4,290 ರೂಪಾಯಿ, ಭತ್ತಕ್ಕೆ 2,300. ಕಾಗದದ ಮೇಲೆ ರಾಗಿಯೇ ಗೆದ್ದಿದೆ. ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ಸಾಲಿನಲ್ಲಿ ನಿಂತವನಿಗೆ ಮಾತ್ರ ಹಾಗನ್ನಿಸುವುದಿಲ್ಲ. ಕಾದು ಸುಸ್ತಾಗಿ ದಲ್ಲಾಳಿ ಹೇಳಿದ ರೇಟಿಗೆ ಕೊಟ್ಟು ಬರುತ್ತಾನೆ. ಅದೇ ರಾಗಿ ಬೆಂಗಳೂರಿನ ಮಾಲಿನಲ್ಲಿ ಸಿರಿಧಾನ್ಯದ ಹೆಸರಲ್ಲಿ ಚಂದದ ಪೊಟ್ಟಣವಾಗಿ ಕೂರುತ್ತದೆ. 2023ನ್ನು ಜಗತ್ತೇ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಅದೇ ವರ್ಷ ನಮ್ಮ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಬೇಕಾಯಿತು.

ಸರ್ಕಾರಿ ಹಾಸ್ಟೆಲುಗಳು, ಆಸ್ಪತ್ರೆಗಳು, ಜೈಲುಗಳು ದಿನಕ್ಕೊಂದು ಹೊತ್ತು ಮುದ್ದೆಯೋ ರೊಟ್ಟಿಯೋ ಬಡಿಸಲಿ, ಕಾಳನ್ನು ಅದೇ ತಾಲ್ಲೂಕಿನಿಂದ ಕೊಳ್ಳಲಿ. ಪಂಪಿಗೆ ಮೀಟರ್ ಹಾಕಲಿ. ಉಚಿತ ಕರೆಂಟಿಗೆ ಕೊಡುವ ಹಣವನ್ನು ರೈತನ ಖಾತೆಗೆ ಹಾಕಲಿ, ಕರೆಂಟು ಉಳಿಸಿದವನಿಗೆ ಹಣ ಉಳಿಯಲಿ. ಪಾವಗಡದಲ್ಲಿ 13,000 ಎಕರೆಯಲ್ಲಿ ಬಿಸಿಲು ಹಿಡಿದು 2,050 ಮೆಗಾವಾಟ್ ಮಾಡುತ್ತೇವೆ. ಜಮೀನು ಕೊಟ್ಟವರಿಗೆ ಗುತ್ತಿಗೆ ಹಣ ಬಂತು, ಅಲ್ಲಿ ಕೂಲಿ ಮಾಡಿ ಕುರಿ ಮೇಯಿಸುತ್ತಿದ್ದವರಿಗೆ ಏನು ಬಂತು? ಒಣ ಸೀಮೆ ಎಂದರೆ ಕರೆಂಟು ಎತ್ತಿಕೊಳ್ಳುವ ಜಾಗ ಎಂದು ರಾಜಧಾನಿ ತಿಳಿದಂತಿದೆ.

ನಿಮ್ಮ ಪ್ರಶ್ನೆಗೆ ಉತ್ತರ: ಎರಡು ಎಕರೆ ಅಡಿಕೆ ಇಡಬೇಡಿ. ಮನೆಗೆಂದು ಕಾಲೆಕರೆ ಇಟ್ಟರೆ ನಾನು ಜಗಳಕ್ಕೆ ಬರುವುದಿಲ್ಲ. ಉಳಿದದ್ದಕ್ಕೆ ಕೃಷಿ ಹೊಂಡ ತೋಡಿಸಿ, ಬದು ಗಟ್ಟಿ ಮಾಡಿ, ಅಕ್ಕಡಿ ಸಾಲು ಹಾಕಿ. ಸುಗ್ಗಿ ಮುಗಿದ ಮೇಲೆ ಖರೀದಿ ಕೇಂದ್ರದಲ್ಲಿ ಎಷ್ಟು ಹೊತ್ತು ನಿಲ್ಲಿಸಿದರು, ಹಣ ಯಾವಾಗ ಬಂತು, ತೂಕದಲ್ಲಿ ಎಷ್ಟು ಹಿಡಿದರು, ಎಲ್ಲ ಬರೆದು ಕಳಿಸಿ. ಒಂದಕ್ಷರ ಬಿಡದೆ ಹಾಕುತ್ತೇನೆ.

- ಸಂ.