ಮಕ್ಕಾ ಬಳಿಯ ಹುದೈಬಿಯಾದಲ್ಲಿ ಪ್ರವಾದಿ ಮುಹಮ್ಮದರಿಗೆ ಸಲಹೆ ಕೊಟ್ಟ ಉಮ್ಮು ಸಲಮಾ ಯಾರು?
ಅವರ ನಿಜವಾದ ಹೆಸರು ಹಿಂದ್. ಮಕ್ಕಾದ ಪ್ರಬಲ ಮಖ್ಜೂಮ್ ಕುಲದ ಮಗಳು. ಮಗ ಸಲಮಾನ ತಾಯಿಯಾದ್ದರಿಂದ ‘ಉಮ್ಮು ಸಲಮಾ’ ಎಂದಾಯಿತು. ಇಸ್ಲಾಂ ಸ್ವೀಕರಿಸಿದ್ದಕ್ಕೆ ಮಕ್ಕಾದವರು ಕೊಡುತ್ತಿದ್ದ ಕಿರುಕುಳ ತಾಳಲಾರದೆ ಅಬಿಸೀನಿಯಾಕ್ಕೆ (ಇಂದಿನ ಇಥಿಯೋಪಿಯಾ ಭಾಗ) ವಲಸೆ ಹೋದ ಮೊದಲಿಗರಲ್ಲಿ ಅವರೂ ಪತಿ ಅಬೂ ಸಲಮಾ ಅವರೂ ಇದ್ದರು.

ನನ್ನನ್ನು ಹೆಚ್ಚು ಕಾಡುವುದು ಆಮೇಲಿನ ಕಥೆ. ಮಕ್ಕಾಕ್ಕೆ ಮರಳಿದ್ದ ಕುಟುಂಬ ಮದೀನಾಕ್ಕೆ ಹೊರಟಾಗ ತವರಿನವರು ಉಮ್ಮು ಸಲಮಾರನ್ನು ತಡೆದರು. ಸಿಟ್ಟಿಗೆದ್ದ ಪತಿಯ ಕಡೆಯವರು ಮಗುವನ್ನು ಕಸಿದುಕೊಂಡರು. ಆ ಎಳೆದಾಟದಲ್ಲಿ ಕಂದನ ತೋಳಿನ ಕೀಲೇ ತಪ್ಪಿತಂತೆ. ಪತಿ ಮದೀನಾದಲ್ಲಿ, ಮಗು ಅತ್ತೆ ಮನೆಯವರ ಬಳಿ, ತಾನು ತವರಿನಲ್ಲಿ. ಹೆಚ್ಚು ಕಡಿಮೆ ಒಂದು ವರ್ಷ ಅವರು ದಿನವೂ ಊರ ಹೊರಗೆ ಕುಳಿತು ಅತ್ತರು. ಕೊನೆಗೆ ಮಗು ಕೈಸೇರಿತು. ಒಂಟೆಯೇರಿ ಒಬ್ಬರೇ ಹೊರಟೇಬಿಟ್ಟರು. ದಾರಿಯಲ್ಲಿ ಸಿಕ್ಕ ಮಕ್ಕಾದ ಉಸ್ಮಾನ್ ಬಿನ್ ತಲ್ಹಾ ಮದೀನಾದ ಅಂಚಿನ ಕುಬಾದವರೆಗೆ ಗೌರವದಿಂದ ಜೊತೆಗೆ ಬಂದರು. ಆಗ ಉಸ್ಮಾನ್ ಇನ್ನೂ ಮುಸ್ಲಿಮರಾಗಿರಲಿಲ್ಲ ಎಂಬುದನ್ನು ಮರೆಯಬಾರದು.

ಉಹುದ್ ಯುದ್ಧದ ಗಾಯ ಉಲ್ಬಣಿಸಿ ಅಬೂ ಸಲಮಾ ತೀರಿಕೊಂಡ ಮೇಲೆ ಪ್ರವಾದಿ ಮುಹಮ್ಮದರು ಉಮ್ಮು ಸಲಮಾರನ್ನು ವಿವಾಹವಾದರು.

ಇನ್ನು 628ರ ಹುದೈಬಿಯಾ. ಉಮ್ರಾಕ್ಕೆ, ಅಂದರೆ ಕಾಬಾದ ಕಿರು ಯಾತ್ರೆಗೆ, ಹೊರಟಿದ್ದ ಮುಸ್ಲಿಮರು ಮಕ್ಕಾದ ಪ್ರಬಲ ಬುಡಕಟ್ಟಾದ ಕುರೈಶರೊಂದಿಗಿನ ಒಪ್ಪಂದದಂತೆ ಕಾಬಾ ಕಾಣದೆ ಮರಳಬೇಕಾಯಿತು. ಬಲಿ ಕೊಟ್ಟು ತಲೆ ಬೋಳಿಸಿಕೊಳ್ಳಿ ಎಂದು ಪ್ರವಾದಿಯವರು ಮೂರು ಸಲ ಹೇಳಿದರೂ ದುಃಖದಲ್ಲಿ ಯಾರೂ ಏಳಲಿಲ್ಲ. ಉಮ್ಮು ಸಲಮಾ ಹೇಳಿದ್ದಿಷ್ಟೆ: ಯಾರೊಂದಿಗೂ ಮಾತನಾಡದೆ ಹೋಗಿ, ಮೊದಲು ನೀವೇ ಮಾಡಿ. ಪ್ರವಾದಿಯವರು ಹಾಗೆಯೇ ಮಾಡಿದರು, ಜನರೆಲ್ಲ ಎದ್ದರು.